‘ಸರ್ವರ್ ಅಮೆರಿಕದಲ್ಲಿದೆ’ ಅಂದರೆ ಮುಗೀತಾ?

ಮಾನ್ಯರೇ,

ನಮ್ಮ ಚಿಕ್ಕಪ್ಪನ ಇಮೇಲ್‌ಗೆ ಯಾರೋ ಕನ್ನ ಹಾಕಿ, ಅವರ ಹೆಸರಲ್ಲೇ ನೆಂಟರಿಷ್ಟರ ಹತ್ತಿರ ದುಡ್ಡು ಕೇಳಿದ್ದರು. ಇಬ್ಬರು ಕಳಿಸಿಯೂ ಬಿಟ್ಟಿದ್ದರು. ಠಾಣೆಯಲ್ಲಿ ನಾವು ಕೊಟ್ಟ ಸ್ಕ್ರೀನ್‌ಶಾಟ್ ಪ್ರಿಂಟುಗಳನ್ನು ಒಂದೊಂದಾಗಿ ತಿರುವಿ ನೋಡಿದ ಸಿಬ್ಬಂದಿ, ‘ಸರ್ವರ್ ಅಮೆರಿಕದಲ್ಲಿದೆ ಸರ್, ಟೈಮ್ ಹಿಡಿಯುತ್ತೆ’ ಅಂದರು. ಪ್ರಿಂಟುಗಳಿಗೆ ಪಿನ್ ಹೊಡೆದರು. ಅಷ್ಟೇ.

ಅವರ ಮಾತು ಸುಳ್ಳಲ್ಲ. ಅಪರಾಧ ತನಿಖೆಯಲ್ಲಿ ಒಬ್ಬರಿಗೊಬ್ಬರು ಕಾನೂನು ನೆರವು ಕೊಡುವ ಬಗ್ಗೆ ಭಾರತ, ಅಮೆರಿಕ 2001ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿವೆ. 2005ರಿಂದ ಅದು ಜಾರಿಯಲ್ಲಿದೆ. ಆದರೆ ಮೇಲ್ ಒಳಗಿನ ವಿಷಯ ಬೇಕೆಂದರೆ ಇಲ್ಲಿನ ಕಾಗದ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಅಮೆರಿಕದ ನ್ಯಾಯ ಇಲಾಖೆಗೆ, ಆಮೇಲೆ ಅಲ್ಲಿನ ಜಡ್ಜ್ ಮುಂದೆ ಹೋಗಬೇಕು. ಹೊರದೇಶಗಳ ಇಂಥ ಕೋರಿಕೆಗೆ ಸರಾಸರಿ ಸುಮಾರು 10 ತಿಂಗಳು ಹಿಡಿಯುತ್ತದೆ ಎಂದು 2013ರಲ್ಲಿ ಅಮೆರಿಕ ಅಧ್ಯಕ್ಷರೇ ನೇಮಿಸಿದ್ದ ಸಮಿತಿ ಹೇಳಿತ್ತು. ನಮ್ಮಲ್ಲಿ ಕಂಪನಿಗಳು ಲಾಗ್ (ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಎಂಬ ದಾಖಲೆ) ಇಟ್ಟುಕೊಳ್ಳಬೇಕು ಎಂದು 2022ರಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೇಳಿದ ಅವಧಿ 180 ದಿನ. ಪತ್ರ ತಲುಪುವ ಹೊತ್ತಿಗೆ ಹುಡುಕುವ ವಸ್ತುವೇ ಅಳಿಸಿ ಹೋಗಿದ್ದರೆ?

ಇದಕ್ಕೊಂದು ದಾರಿ ಇದೆ. ಠಾಣೆಯಲ್ಲಿ ಯಾರೂ ನಮಗೆ ಹೇಳಲಿಲ್ಲ. ‘ಈ ಅಕೌಂಟಿನ ದಾಖಲೆ ಅಳಿಸಬೇಡಿ, ಹಾಗೇ ಎತ್ತಿಡಿ’ ಎಂದು ಪೊಲೀಸರು ಕಂಪನಿಗೆ ನೇರವಾಗಿ ಕೇಳಬಹುದು. ಅಮೆರಿಕದ ದೊಡ್ಡ ಕಂಪನಿಗಳು ಸಾಮಾನ್ಯವಾಗಿ 90 ದಿನ ಎತ್ತಿಡುತ್ತವೆ, ಮತ್ತೆ ಕೇಳಿದರೆ ಅವಧಿ ಮುಂದಕ್ಕೂ ಹೋಗುತ್ತದೆ. ದಾಖಲೆ ಕೈಗೆ ಸಿಗುವುದಿಲ್ಲ, ನಿಜ. ಆದರೆ ಉಳಿಯುತ್ತದೆ ಅಲ್ವಾ? ದೂರು ಬರೆದುಕೊಂಡ ದಿನವೇ ಈ ಕೋರಿಕೆ ಹೋಗಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ದೊಡ್ಡ ಕೆಲಸ ದೆಹಲಿಯದು. ಅಮೆರಿಕದ ಜೊತೆ ಬೇರೆ ಒಪ್ಪಂದ ಮಾಡಿಕೊಂಡ ಬ್ರಿಟನ್ 2022ರಿಂದ, ಆಸ್ಟ್ರೇಲಿಯಾ 2024ರಿಂದ ಗಂಭೀರ ಅಪರಾಧಗಳಲ್ಲಿ ಅಲ್ಲಿನ ಕಂಪನಿಗಳನ್ನೇ ನೇರವಾಗಿ ಕೇಳುತ್ತಿವೆ. ನಾವೂ ಆ ಮಾತುಕತೆಗೆ ಕೂರಬೇಕು. ಹಾಗಂತ ಯಾರದೋ ಇನ್‌ಬಾಕ್ಸ್ ಸುಮ್ನೆ ತೆರೆಯುವ ಹಾಗೂ ಆಗಬಾರದು. ಜಡ್ಜ್ ಸಹಿ ಇಲ್ಲದೆ ಒಂದು ಮೇಲ್ ಕೂಡ ಬೇಡ.

ದೂರು ಕೊಟ್ಟು ಎರಡು ತಿಂಗಳಾಯಿತು. ಎತ್ತಿಡುವ ಕೋರಿಕೆ ಹೋಗಿದೆಯಾ ಎಂದು ಕೇಳಲು ಸೋಮವಾರ ಚಿಕ್ಕಪ್ಪನ ಜೊತೆ ಮತ್ತೆ ಠಾಣೆಗೆ ಹೊರಟಿದ್ದೇನೆ.

– ಒಬ್ಬ ಓದುಗ, ದಾವಣಗೆರೆ