ಗಲ್ಫಿನಲ್ಲಿ ನಮ್ಮ ಲೈಸೆನ್ಸ್ ನಡೆಯದಿದ್ದರೆ ತಪ್ಪು ಯಾರದ್ದು?

ಮಾನ್ಯ ಸಂಪಾದಕರೇ,

ಗಲ್ಫಿನಲ್ಲಿ ಭಾರತದ ಡ್ರೈವಿಂಗ್ ಲೈಸೆನ್ಸಿಗೆ ಬೆಲೆಯೇ ಇಲ್ಲ, ಬಿಳಿಯರಿಗೊಂದು ನ್ಯಾಯ ನಮಗೊಂದು ನ್ಯಾಯ ಅಂತ ನಮ್ಮ ಊರಿನ ಮದುವೆ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಅದರ ಬಗ್ಗೆಯೇ ಈ ಪತ್ರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯವನು. ಈಗ ಯುಎಇಯ ಶಾರ್ಜಾದಲ್ಲಿದ್ದೇನೆ, ಕೆಲಸಕ್ಕೆ ದಿನಾ ದುಬೈಗೆ ಗಾಡಿ ಓಡಿಸಿಕೊಂಡು ಹೋಗುತ್ತೇನೆ.

ದೂರು ಸುಳ್ಳಲ್ಲ. ಬ್ರಿಟನ್, ಅಮೆರಿಕ, ಜರ್ಮನಿಯ ಲೈಸೆನ್ಸ್ ಇದ್ದವರು ಯುಎಇಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ, ಶುಲ್ಕ ಕಟ್ಟಿ, ಅಲ್ಲಿನ ಲೈಸೆನ್ಸ್ ಜೇಬಿಗೆ ಹಾಕಿಕೊಂಡು ಹೊರಗೆ ಬರುತ್ತಾರೆ. ನಮ್ಮವರು ಊರಲ್ಲಿ ಹತ್ತಾರು ವರ್ಷ ಜೀಪು ಓಡಿಸಿದ್ದರೂ ಡ್ರೈವಿಂಗ್ ಸ್ಕೂಲಿನಲ್ಲಿ ಫೈಲ್ ತೆರೆದು, ಥಿಯರಿ ಕ್ಲಾಸಿಗೆ ಕೂತು, ಪಾರ್ಕಿಂಗ್ ಟೆಸ್ಟ್ ಮುಗಿಸಿ, ಆಮೇಲೆ ರೋಡ್ ಟೆಸ್ಟಿಗೆ ಹೋಗಬೇಕು. ಅಲ್ಲಿ ಫೇಲಾದರೆ ಮತ್ತೆ ಕ್ಲಾಸು, ಮತ್ತೆ ಫೀಸು. ಎಲ್ಲ ಸೇರಿ ಐದಾರು ಸಾವಿರ ದಿರ್ಹಂ ಸುಲಭವಾಗಿ ಕೈಬಿಟ್ಟು ಹೋಗುತ್ತದೆ. ಸಂಬಳ ಎರಡೂವರೆ ಸಾವಿರ ಇರುವ ಹುಡುಗನಿಗೆ ಇದು ಸಣ್ಣ ಮೊತ್ತವೇ?

ನಮ್ಮವರು ಹೇಳುವ ಕಾರಣ ಒಂದೇ. ಅಲ್ಲಿ ಸ್ಟೀರಿಂಗ್ ಎಡಗಡೆ, ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಅದಕ್ಕೇ ನಮ್ಮನ್ನು ಒಪ್ಪುವುದಿಲ್ಲ ಅಂತ. ಆದರೆ ಬ್ರಿಟನ್ನಿನವರೂ ನಮ್ಮ ಹಾಗೆ ಎಡಬದಿಯಲ್ಲೇ ಓಡಿಸುವವರು, ಅಲ್ವಾ? ಅವರ ಲೈಸೆನ್ಸ್ ನಡೆಯುತ್ತದೆ, ನಮ್ಮದು ನಡೆಯುವುದಿಲ್ಲ ಅಂದರೆ ವಿಷಯ ಎಡ ಬಲದ್ದಲ್ಲ. ಲೈಸೆನ್ಸ್ ಕೊಡುವ ಮೊದಲು ಏನು ನೋಡುತ್ತಾರೆ ಅನ್ನುವುದರದ್ದು.

ನಮ್ಮಲ್ಲಿ ಏನು ನೋಡುತ್ತಾರೆ? ಕೇರಳದಲ್ಲಿ ಕಾರಿನ ಟೆಸ್ಟ್ ಅಂದರೆ ಎಲ್ಲರ ಬಾಯಲ್ಲಿ ಬರುವುದು 'ಎಚ್'. ಇಂಗ್ಲಿಷಿನ H ಅಕ್ಷರದ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ ಮುಂದೆ ಹೋಗಿ, ಹಿಂದೆ ಬಂದು, ಯಾವುದಕ್ಕೂ ತಾಗಿಸದೆ ಹೊರಗೆ ಬರಬೇಕು. ಇದನ್ನು ಕಲಿಸುವ ರೀತಿ ಇನ್ನೂ ಚಂದ. ಇಂಥ ಕಂಬ ಕಿಟಕಿಯ ಈ ಮೂಲೆಗೆ ಬಂದಾಗ ಸ್ಟೀರಿಂಗ್ ಪೂರ್ತಿ ತಿರುಗಿಸು, ಆ ಕಂಬ ಕಂಡಾಗ ವಾಪಸ್ ಬಿಡು. ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ಆಮೇಲೆ ರೋಡ್ ಟೆಸ್ಟ್ ಅಂತ ಸ್ವಲ್ಪ ದೂರ ಓಡಿಸಿ, ಗೇರ್ ಬದಲಾಯಿಸಿ ತೋರಿಸಿದರೆ ಮುಗಿಯಿತು. ನಾನು ಕಲಿತ ಸ್ಕೂಲಿನಲ್ಲಿ ಹಿಂದೆ ಬರುವ ಗಾಡಿಯನ್ನು ಕನ್ನಡಿಯಲ್ಲಿ ನೋಡು ಅಂತ ಯಾರೂ ಹೇಳಲೇ ಇಲ್ಲ. ಕನ್ನಡಿ ಇದ್ದದ್ದು ಕಂಬ ನೋಡುವುದಕ್ಕೆ!

ದುಬೈಯ ರೋಡ್ ಟೆಸ್ಟಿನಲ್ಲಿ ಪರೀಕ್ಷಕ ಪಕ್ಕದಲ್ಲಿ ಕೂತಿರುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಲೇನ್ ಬದಲಾಯಿಸುವಾಗ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ತಲೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಿದಿರಾ? ರೌಂಡ್ ಅಬೌಟಿನಲ್ಲಿ ಎಡಕ್ಕೆ ಹೋಗುವವರು ಯಾವ ಲೇನಿನಲ್ಲಿ ಒಳಗೆ ಹೋದಿರಿ, ಯಾವುದರಲ್ಲಿ ಹೊರಗೆ ಬಂದಿರಿ? ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ? ನಮ್ಮವರು ಬೀಳುವುದು ಇಲ್ಲೇ. ಗಾಡಿ ಓಡಿಸಲು ಗೊತ್ತಿಲ್ಲ ಅಂತಲ್ಲ. ಚೆರ್ಕಳ ಜಂಕ್ಷನ್ನಿನಲ್ಲಿ ಬಸ್ಸಿನ ಎಡಗಡೆ ನುಸುಳಿ ಹೋಗುವ ಚಾಕಚಕ್ಯತೆ ಇದ್ದವರೇ ಅಲ್ಲಿ ಮತ್ತೆ ಮತ್ತೆ ಫೇಲಾಗುತ್ತಾರೆ, ಯಾಕೆಂದರೆ ಆ ಚಾಕಚಕ್ಯತೆಯೇ ಅಲ್ಲಿ ತಪ್ಪು.

2024ರಲ್ಲಿ ಸಾರಿಗೆ ಸಚಿವ ಗಣೇಶ್ ಕುಮಾರ್ ಅವರು ಕೇರಳದ ಟೆಸ್ಟ್ ಬಿಗಿ ಮಾಡಲು ಹೊರಟಿದ್ದರು. ಎಚ್ ಬದಲಿಗೆ ಪ್ಯಾರಲಲ್ ಪಾರ್ಕಿಂಗ್, ಏರು ರಸ್ತೆಯಲ್ಲಿ ನಿಲ್ಲಿಸಿ ಹೊರಡುವುದು ಇತ್ಯಾದಿ ತರುತ್ತೇವೆ, ದಿನಕ್ಕೆ ಇಷ್ಟೇ ಟೆಸ್ಟ್ ಅಂತ ಮಿತಿ ಹಾಕುತ್ತೇವೆ ಅಂದರು. ಡ್ರೈವಿಂಗ್ ಸ್ಕೂಲಿನವರು ಮುಷ್ಕರ ಹೂಡಿದರು. ಮೇ ತಿಂಗಳಲ್ಲಿ ಮಾತುಕತೆಯಾಗಿ ಸರಕಾರ ಒಂದಿಷ್ಟು ಸಡಿಲ ಬಿಟ್ಟಿತು. ಸ್ಕೂಲಿನವರಿಗೂ ಕಷ್ಟ ಇದೆ, ಹೊಸ ಟ್ರ್ಯಾಕಿಗೆ ಜಾಗ ಯಾರು ಕೊಡುತ್ತಾರೆ, ದುಡ್ಡು ಯಾರು ಹಾಕುತ್ತಾರೆ ಅನ್ನುವ ಪ್ರಶ್ನೆ ನ್ಯಾಯವೇ. ಆದರೂ ನಾನು ಆ ವಿಷಯದಲ್ಲಿ ಸಚಿವರ ಕಡೆ. ಟೆಸ್ಟ್ ಸುಲಭವಾಗಿರಲಿ ಅಂತ ಇಲ್ಲಿ ಗಲಾಟೆ ಮಾಡಿ, ಅದೇ ಲೈಸೆನ್ಸನ್ನು ದುಬೈಯವರು ಒಪ್ಪಬೇಕು ಅಂತ ಅಲ್ಲಿ ಗಲಾಟೆ ಮಾಡುವುದು ಯಾವ ಲೆಕ್ಕ?

ಗಲ್ಫಿನ ಮಾತು ಬಿಡಿ, ತಲಪಾಡಿಯಿಂದ ಚೆಂಗಳದವರೆಗೆ ನಮ್ಮ ಮನೆ ಮುಂದೆಯೇ ಆರು ಲೇನಿನ ರಸ್ತೆ ಬಂದಿದೆ. ಅದರಲ್ಲಿ ಯಾವ ಲೇನು ಯಾರಿಗೆ ಅಂತ ನಮ್ಮ ಟೆಸ್ಟಿನಲ್ಲಿ ಯಾರಾದರೂ ಓಡಿಸಿ ನೋಡುತ್ತಾರಾ? ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬೈಕು ಬರುವುದು ಈಗ ಮಾಮೂಲು.

ಇನ್ನು ಊರಿನಿಂದ ಹೊರಡುವ ಹುಡುಗರಿಗೆ ಕೆಲವು ಮಾತು, ಏಜೆಂಟರು ಇದನ್ನೆಲ್ಲ ಸರಿಯಾಗಿ ಹೇಳುವುದಿಲ್ಲ. ಸಾವಿರ ರೂಪಾಯಿ ಕಟ್ಟಿ ಆರ್‌ಟಿಒದಲ್ಲಿ ಮಾಡಿಸುವ ಇಂಟರ್‌ನ್ಯಾಷನಲ್ ಪರ್ಮಿಟ್ ಇದೆಯಲ್ಲ, ಅದಕ್ಕೆ ಒಂದು ವರ್ಷ ಅವಧಿ ಇರುತ್ತದೆ ನಿಜ, ಆದರೆ ಅದು ಸುತ್ತಾಡಲು ಹೋಗುವವರಿಗೆ. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಆದ ಮೇಲೆ ಅದನ್ನು ನಂಬಿ ಸ್ಟೀರಿಂಗ್ ಹಿಡಿಯಬೇಡಿ. ಅಪಘಾತವಾದರೆ ಇನ್ಶೂರೆನ್ಸೂ ಕೈಹಿಡಿಯುವುದಿಲ್ಲ. ಕುವೈತಿಗೆ ಹೋಗುವವರು ಇನ್ನೂ ಜಾಸ್ತಿ ವಿಚಾರಿಸಿ. ಅಲ್ಲಿ ವಿದೇಶಿಯರಿಗೆ ಸಾಮಾನ್ಯವಾಗಿ ಡಿಗ್ರಿ, ಎರಡು ವರ್ಷದ ವಾಸ, 600 ದಿನಾರ್ ಸಂಬಳ ಇದ್ದರೆ ಮಾತ್ರ ಲೈಸೆನ್ಸಿಗೆ ಅರ್ಜಿ. ಕೆಲವು ಕೆಲಸಗಳಿಗೆ ವಿನಾಯಿತಿ ಇದೆ, ಡ್ರೈವರ್ ವೀಸಾದವರ ಲೆಕ್ಕ ಬೇರೆ.

ಹಾಗಂತ ಊರಿನ ಲೈಸೆನ್ಸ್ ದಂಡ ಅಲ್ಲ. ದುಬೈಯಲ್ಲಿ ಏನೂ ಇಲ್ಲದವರಿಗೆ 20 ಗಂಟೆ ಕ್ಲಾಸ್ ಇದ್ದರೆ, ಊರಿನ ಲೈಸೆನ್ಸ್ ಆಗಿ ಐದು ವರ್ಷ ದಾಟಿದವರಿಗೆ 10 ಗಂಟೆ. 2023ರಿಂದ ನಮ್ಮಂಥವರಿಗೆ 'ಗೋಲ್ಡನ್ ಚಾನ್ಸ್' ಅಂತ ಒಂದು ಅವಕಾಶವೂ ಬಂತು. ಊರಿನ ಲೈಸೆನ್ಸ್ ತೋರಿಸಿ, ಕ್ಲಾಸಿಲ್ಲದೆ ನೇರ ಟೆಸ್ಟಿಗೆ ಹೋಗಬಹುದು, ಆದರೆ ಒಂದೇ ಸಲ. ಎಚ್ ಹಾಕಿ ಬಂದ ಧೈರ್ಯದಲ್ಲಿ ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ, ನಾಲ್ಕು ಗಂಟೆಯಾದರೂ ಅಲ್ಲಿನ ರಸ್ತೆಯಲ್ಲಿ ಕಲಿತು ಹೋಗಿ.

ಥಿಯರಿ ಪರೀಕ್ಷೆ ಮಲಯಾಳದಲ್ಲಿದೆ, ತಮಿಳಿನಲ್ಲಿದೆ, ಹಿಂದಿ, ಉರ್ದುವಿನಲ್ಲಿದೆ. ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಪೈವಳಿಕೆ, ಎಣ್ಮಕಜೆ ಕಡೆಯ ಹುಡುಗರು ಮಲಯಾಳ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ, ಓದಲು ತಡವರಿಸುತ್ತಾರೆ. ರಾಜ್ಯೋತ್ಸವಕ್ಕೆ ಅಷ್ಟು ದೊಡ್ಡ ಹಾಲ್ ತೆಗೆದುಕೊಳ್ಳುವ ಗಲ್ಫಿನ ಕನ್ನಡ ಸಂಘಗಳು ದುಬೈಯ ರಸ್ತೆ ಪ್ರಾಧಿಕಾರಕ್ಕೆ ಇದರ ಬಗ್ಗೆ ಒಂದು ಮನವಿ ಕೊಡಬಾರದೇ? ಕೊಟ್ಟಿದ್ದರೆ ಸಂತೋಷ, ಮತ್ತೊಮ್ಮೆ ಕೊಡಲಿ.

ಕೊನೆಗೆ ಪತ್ರಿಕೆಯವರಲ್ಲೂ ಒಂದು ಕೇಳಿಕೆ. 2019ರ ತಿದ್ದುಪಡಿ ಪ್ರಕಾರ ಊರಿನ ಲೈಸೆನ್ಸ್ ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣ ಮಾಡಿಸಬಹುದು, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಇದು ಗೊತ್ತಿಲ್ಲದೆ ರಜೆ ಮುಗಿಸಿ ವಾಪಸ್ ವಿಮಾನ ಹತ್ತಿದವರು ಎಷ್ಟೋ ಮಂದಿ. ಜುಲೈಯಲ್ಲಿ ಗಲ್ಫಿನ ಕುಟುಂಬಗಳೆಲ್ಲ ಊರಿಗೆ ಬರುತ್ತವೆ. ಆ ಹೊತ್ತಿಗೆ ಈ ನಿಯಮವನ್ನು ಒಂದು ಮೂಲೆಯಲ್ಲಾದರೂ ದಪ್ಪಕ್ಷರದಲ್ಲಿ ಹಾಕಿ.

ಇತಿ,
ಕುಂಬಳೆಯ ಓದುಗ, ಶಾರ್ಜಾ