ಕಂಪನಿಯಿಂದ ಬಂದ ದನಿ: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿ,

ಕನ್ನಡ ಸಿನಿಮಾದ ಹಳೆಯ ನಟರ ಬಗ್ಗೆ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲನೇ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಕೈ ಪಳಗಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿನ್ನ ಕಥೆ 1954ರಲ್ಲಿ, 'ಬೇಡರ ಕಣ್ಣಪ್ಪ' ತೆರೆಕಂಡ ದಿನದಿಂದ ಶುರುವಾಗುತ್ತದೆ. ಆ ಹೊತ್ತಿಗೆ ಅರ್ಧ ಕಥೆ ನಡೆದೇ ಹೋಗಿತ್ತು.

ಆ ಚಿತ್ರದ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಪರದೆಗೆ ಹೆಚ್ಚುಕಡಿಮೆ ಹೊಸಬರಿರಬಹುದು, ಬಣ್ಣಕ್ಕೆ ಹೊಸಬರಲ್ಲ. ಮೂವರೂ ಊರೂರು ಸುತ್ತಿ ನಾಟಕ ಆಡುತ್ತಿದ್ದ ಗುಬ್ಬಿ ಕಂಪನಿಯಲ್ಲಿ ದುಡಿದವರು. ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಅಂದರೆ ಚಿತ್ರ ಬಂದಾಗ ಅದಕ್ಕೆ 70 ವರ್ಷ. ಅಲ್ಲಿಗೆ ಚಿಕ್ಕ ಹುಡುಗನಾಗಿ ಸೇರಿದ ವೀರಣ್ಣನವರೇ ಮುಂದೆ ಅದರ ಮಾಲೀಕರಾದರು. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರು. ನೀನು 'ರಾತ್ರೋರಾತ್ರಿ ತಾರೆಯಾದರು' ಅಂತ ಬರೆದಿದ್ದೀಯ. ದಯವಿಟ್ಟು ಆ ಸಾಲು ಹೊಡೆದುಹಾಕು. ಆ ರಾತ್ರಿಗೆ ಮುಂಚೆ ಎಷ್ಟು ರಾತ್ರಿ ಬೆಳಗಿನ ಜಾವದ ತನಕ ನಾಟಕ ಆಡಿದ್ದರು ಅನ್ನೋದನ್ನು ಬರಿ.

ಅದನ್ನು ಹೇಗೆ ಬರೆಯೋದು ಅಂತ ಕೇಳುತ್ತೀಯ, ಅಲ್ವಾ? ದನಿಯನ್ನು ಹಿಡಿದು ಹೋಗು. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಒಬ್ಬ ಹಳೆಯ ಹಾರ್ಮೋನಿಯಂ ಮಾಸ್ತರರ ಮನೆಗೆ ಹೋಗಿದ್ದೆ. ದೊಡ್ಡ ನಟರ ಬಗ್ಗೆ ಕಥೆ ಕೇಳಬೇಕು ಅಂತ ಆಸೆ. ಅವರು ಕಥೆ ಹೇಳಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಹಾರ್ಮೋನಿಯಂ ಪೆಟ್ಟಿಗೆ ಎಳೆದುಕೊಂಡರು. ಒತ್ತಿ ನುಡಿಸುವ ಬಿಳಿ ಮನೆಗಳು ಹಳದಿಗೆ ತಿರುಗಿದ್ದವು, ಒಂದು ಕಪ್ಪು ಮನೆಯ ಮೂಲೆ ಬೆರಳು ತಾಗಿ ತಾಗಿ ಸವೆದಿತ್ತು. 'ಇಂಥವರಿಗೆ ಇದು' ಅಂತ ಒಂದು ಮನೆ ಒತ್ತಿದರು. 'ಇನ್ನೊಬ್ಬರಿಗೆ ಇದು' ಅಂತ ಇನ್ನೊಂದು. ಒಬ್ಬೊಬ್ಬ ನಟನೂ ಅವರಿಗೆ ಶ್ರುತಿಯಾಗಿ ನೆನಪಿದ್ದ. ಮೈಕ್ ಬರುವ ಮುಂಚಿನ ಕಾಲ ಅದು. ಕುರ್ಚಿ ದಾಟಿ, ಬೆಂಚು ದಾಟಿ, ಹಿಂದೆ ನೆಲದ ಮೇಲೆ ಕೂತ ಕೊನೆಯವನಿಗೂ ಸಾಹಿತ್ಯ ಕೇಳಿಸಬೇಕು. ಮಾತು ಒಡೆಯಬಾರದು, ಅಕ್ಷರ ನುಂಗಬಾರದು. 'ವನ್ಸ್ ಮೋರ್' ಅಂತ ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಹಾಡಬೇಕು. ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುತ್ತಿರಲಿಲ್ಲ.

ಈಗ ಇದನ್ನು ರಾಜಕುಮಾರರ ಪಕ್ಕ ಇಟ್ಟು ನೋಡು. ಹಾಡಿ ಹಾಡಿಯೇ ಬೆಳೆದ ಮನುಷ್ಯ ಸಿನಿಮಾಕ್ಕೆ ಬಂದ ಮೇಲೆ ಬೇರೆಯವರ ಹಾಡಿಗೆ ತುಟಿ ಆಡಿಸಿದರು. 1956ರ 'ಓಹಿಲೇಶ್ವರ' ಥರ ಒಂದೆರಡು ಕಡೆ ಬಿಟ್ಟರೆ, ವರ್ಷಗಟ್ಟಲೆ ಅವರ ಹಾಡಿನ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ಆಮೇಲೆ 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಎಮ್ಮೆ ಮೇಲೆ ಕೂತು ಅವರೇ ಹಾಡಿದರು. ಆ ಚಿತ್ರದ ಕಥೆಯೂ ಕಂಪನಿ ನಾಟಕದ್ದೇ, ಪಿ.ಬಿ. ಧುತ್ತರಗಿಯವರದು. 1992ರ 'ಜೀವನ ಚೈತ್ರ'ದ ಹಾಡಿಗಂತೂ ಗಾಯಕರಾಗಿ ರಾಷ್ಟ್ರಪ್ರಶಸ್ತಿಯೇ ಬಂತು. 'ನಟ ಗಾಯಕನೂ ಆದ' ಅಂತ ನೀನು ಒಂದೇ ಸಾಲಿನಲ್ಲಿ ದಾಟಿದ್ದೀಯ. ನನಗೆ ಕೇಳಿದರೆ, ಕಂಪನಿಯ ಹುಡುಗ ತನ್ನ ದನಿಯನ್ನು ವಾಪಸ್ ಪಡೆದ ಕಥೆ ಅದು. ಎಮ್ಮೆ ಮೇಲಿನ ಆ ಹಾಡನ್ನು ಈ ಕಿವಿಯಿಂದ ಇನ್ನೊಮ್ಮೆ ಕೇಳು.

ಬಾಲಕೃಷ್ಣ ಅವರನ್ನೂ ಸುಮ್ನೆ ಹಾಸ್ಯನಟ ಅಂತ ಬರೆದುಬಿಟ್ಟಿದ್ದೀಯ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಿದ್ದೂ ಎದುರಿನವರ ಮಾತಿಗೆ ತಕ್ಕ ಹೊತ್ತಿಗೆ ಮಾತು ಕೊಡುತ್ತಿದ್ದರು. ಅವರ ಒಂದು ದೃಶ್ಯ ಹಾಕಿಕೊಂಡು ಬರೀ ಕಣ್ಣುಗಳನ್ನು ನೋಡು. ಎದುರಿನವರ ತುಟಿ ಬಿಟ್ಟು ಅವು ಕದಲುವುದು ಕಡಿಮೆ.

ಇನ್ನೊಂದು ವಿಷಯ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಚಿತ್ರಕ್ಕೆ ಬಂದ ಮೇಲೂ ಇವರ ಕಷ್ಟ ತೀರಲಿಲ್ಲ. ಕೆಲಸ ಕಡಿಮೆ, ಚಿತ್ರ ತಯಾರಾಗುತ್ತಿದ್ದುದು ಮದರಾಸಿನಲ್ಲಿ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಮತ್ತೆ ಊರೂರಿಗೆ ನಾಟಕಕ್ಕೆ ಹೊರಟರು. ಅದೇ ಸಂಘದಿಂದ 1960ರಲ್ಲಿ 'ರಣಧೀರ ಕಂಠೀರವ' ಬಂತು. ತಾರೆಯರಾದ ಮೇಲೂ ಟ್ರಂಕು ಹೊತ್ತು ಮೊಕ್ಕಾಂ ಬದಲಿಸಿದ ಜನ ಇವರು. ನನಗೆ ಅವರ ಮೇಲೆ ಅಷ್ಟೊಂದು ಗೌರವ ಇರುವುದು ಇದಕ್ಕೇ.

ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ ಅನ್ನೋದು ನನಗೆ ಬೇಜಾರಾಯಿತು. ಗುಬ್ಬಿ ಕಂಪನಿ ಅಂದಮೇಲೆ ನಟಿ ಬಿ. ಜಯಮ್ಮನವರನ್ನು ಬಿಟ್ಟು ಬರೆಯೋಕಾಗುತ್ತಾ? ಉತ್ತರ ಕರ್ನಾಟಕದ ಕಡೆ ಹೋದರೆ ಬೀಳಗಿಯ ಅಕ್ಕತಂಗಿಯರು, ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಅಮೀರಬಾಯಿ 1943ರ ಹಿಂದಿ ಚಿತ್ರ 'ಕಿಸ್ಮತ್'ನಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದರು. ನಾಡಿನ ಹೆಸರು ಕಟ್ಟಿಕೊಂಡು ಹೋದವರು. ಅವರ ಬಗ್ಗೆ ಬೇರೆಯೇ ಲೇಖನ ಬರಿ, ಒಂದು ಪ್ಯಾರಾ ಸಾಲದು.

ದಂತಕಥೆಗಳ ಬಗ್ಗೆ ಜಾಗ್ರತೆ. ಹಿಂದೆ ನಾನು ಒಬ್ಬ ನಟರ ಬಗ್ಗೆ ಯಾರೋ ಹೇಳಿದ ಕಥೆಯನ್ನು ಕೇಳಿದ ಹಾಗೇ ಬರೆದೆ. ಪತ್ರಿಕೆಯಲ್ಲಿ ಅಚ್ಚೂ ಆಯಿತು. ಅವರ ಮಗಳು ನನಗೆ ಕಾರ್ಡು ಬರೆದು, 'ಆ ದಿನ ಅಪ್ಪ ಆ ಊರಿನಲ್ಲೇ ಇರಲಿಲ್ಲ' ಅಂದರು. ಆ ಕಾರ್ಡು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಿನ್ನ ಲೇಖನದಲ್ಲಿ ಅಂಥ ಮೂರು ಕಥೆಗಳಿಗೆ ಗುರುತು ಹಾಕಿದ್ದೇನೆ. ಯಾರು ಹೇಳಿದ್ದು, ಅವರು ಅಲ್ಲಿದ್ದರಾ ಅಂತ ವಿಚಾರಿಸು. ಹಳೇ ಹ್ಯಾಂಡ್‌ಬಿಲ್ ಸಿಕ್ಕರೆ ಬಿಡಬೇಡ. ಯಾವ ಊರು, ಯಾವ ತಾರೀಕು, ಟಿಕೆಟ್ ಎಷ್ಟು, ಪಾತ್ರ ಯಾರದು, ಎಲ್ಲ ಅದರಲ್ಲಿ ಇರುತ್ತದೆ.

ಮೊದಲ ಎರಡು ಪುಟ ಮತ್ತೆ ಬರೆದು ಕಳಿಸು. ಕೊನೆಯ ಪುಟದಲ್ಲಿ ನಿನ್ನ ಅಜ್ಜಿ ಜಾತ್ರೆಯಲ್ಲಿ ನಾಟಕ ನೋಡೋಕೆ ಚಾಪೆ ಸುತ್ತಿಕೊಂಡು ಹೋದ ಸಂಗತಿ ಬರೆದಿದ್ದೀಯಲ್ಲ, ಅದನ್ನು ಮುಟ್ಟಬೇಡ. ಆದರೆ ಅಜ್ಜಿಯನ್ನು ಒಂದು ಮಾತು ಕೇಳು: ಅವತ್ತು ಕೇಳಿದ ಹಾಡು ಯಾವುದು? ಒಂದು ಸಾಲಾದರೂ ಅವರಿಗೆ ಬಂದೀತು. ಹಾಡಿಸಿ ಬರೆದುಕೋ.

ನಿನ್ನ,
ಅಣ್ಣ