ಮಾರಿ ತೊಳಕೊಂಡ ಬಾ

ಪ್ರೀತಿಯ ತಂಗಿಗೆ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಭಾಗ ಕಣ್ಣಿಗೆ ಕಟ್ಟಿತು. ಆದರೆ ಹುಬ್ಬಳ್ಳಿಯ ಆ ಅಜ್ಜಿ "ಮಗೂಗೆ ಕಣ್ಣೆಸರಾಗಿದೆ", ಅಂದರೆ ದೃಷ್ಟಿ ತಾಗಿದೆ, ಅಂದಾಗ ಅಲ್ಲೇ ನಿಂತುಬಿಟ್ಟೆ. ಅದು ಮೈಸೂರು ಸೀಮೆಯ ಮಾತು, ಅಲ್ವಾ? ಆಕೆ "ಕೂಸಿಗೆ ನೆದರ ಆಗೇತಿ" ಅಂತಾಳೆ. ಉರ್ದುವಿನ ನಜರ್ ಆ ಕಡೆ ನೆದರ ಆಗಿ ಮನೆಮಾತಾಗಿದೆ. ನಂಬಿಕೆ ಅದೇ, ಮೆಣಸಿನಕಾಯಿಯೂ ಅದೇ. ಮಾತು ಮಾತ್ರ ಬೇರೆ.

ಇದಕ್ಕೆ ಉಲ್ಟಾ ಆಗೋದೂ ಉಂಟು: ಮಾತು ಒಂದೇ, ಅರ್ಥ ಬೇರೆ. ನಾನು ಮೊದಲ ಸಲ ಧಾರವಾಡಕ್ಕೆ ಹೋದಾಗ ಗೆಳತಿಯ ಅವ್ವ, "ಮಾರಿ ತೊಳಕೊಂಡ ಬಾ, ಚಾ ಕುಡಿಯೂಣು" ಅಂದರು. ನನ್ನ ಎದೆ ಧಸಕ್ ಅಂತು. ನಮ್ಮ ಕಡೆ ಮಾರಿ ಅಂದರೆ ಮುನಿದರೆ ಊರಿಗೆ ರೋಗ ತರುವ, ಪೂಜೆ ಕೊಟ್ಟರೆ ಕಾಯುವ ದೇವತೆ. ಸಿಟ್ಟು ಬಂದರೆ ಆ ಹೆಸರು ಹಿಡಿದೇ ಬೈಯುತ್ತಾರೆ. ಧಾರವಾಡದಲ್ಲಿ ಮಾರಿ ಅಂದರೆ ಮುಖ. ಅಲ್ಲಿಂದ ಶಿರಸಿ ಹೆಚ್ಚು ದೂರವಿಲ್ಲ; ಆದರೂ ಅಲ್ಲಿ ಮಾರಿ ದೇವತೆಯೇ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಜನ ಕಿಕ್ಕಿರಿಯುತ್ತಾರೆ. ಘಟ್ಟ ಇಳಿದು ತುಳುನಾಡಿಗೆ ಹೋದರೆ ಆಟಿ ತಿಂಗಳ ಮಳೆಯಲ್ಲಿ ಆಟಿ ಕಳೆಂಜ ಅನ್ನೋ ವೇಷ ಕಟ್ಟಿದವನು ಮನೆಮನೆಗೆ ಬಂದು ಮಾರಿಯನ್ನು, ಅಂದರೆ ರೋಗರುಜಿನವನ್ನು, ಓಡಿಸುತ್ತಾನೆ. ಮಂಡ್ಯದ ಅತ್ತೆ ಸೊಸೆಗೆ "ಮಾರಿ" ಅಂದರೆ ಆ ಮನೆಯಲ್ಲಿ ಅಂದು ಊಟ ಸೇರುವುದಿಲ್ಲ. ಧಾರವಾಡದ ಅತ್ತೆ "ಮಾರಿ ಯಾಕ ಸಣ್ಣ ಆಗೇತಿ?" ಅಂದರೆ ಅದು ಅಕ್ಕರೆ.

ಅದಕ್ಕೇ ಸುಮ್ನೆ ಪದಗಳ ಪಟ್ಟಿ ಮಾಡಿಕೊಂಡು ಪಾತ್ರಗಳ ಬಾಯಿಗೆ ತುರುಕಬೇಡ. ಕೇಳಿದ ಮಾತನ್ನು ಇಡಿಯಾಗಿ ಬರೆದುಕೋ. ಯಾರು, ಯಾರಿಗೆ, ಯಾವ ಹೊತ್ತಲ್ಲಿ ಅಂದರು ಅನ್ನೋದನ್ನೂ ಪಕ್ಕದಲ್ಲಿ ಬರಿ. ನನ್ನ ಹಳೇ ನೋಟ್‌ಬುಕ್ಕುಗಳಲ್ಲಿ ಬಿಡಿ ಪದಗಳೇ ಜಾಸ್ತಿ. ಅವು ಇವತ್ತು ನನಗೆ ಏನೂ ಹೇಳುವುದಿಲ್ಲ.

ಇನ್ನೊಂದು ಮಾತು. ಟೀವಿಯಲ್ಲಿ "ಸೋಂಕು" ಅಂತ ಕೇಳಿ ಅಜ್ಜಿ ಬಾಗಿಲು ಹಾಕುವ ಕಡೆ ನೀನು ಬೇಗ ಮುಂದೆ ಹೋಗಿದ್ದೀಯ. ಸೋಕುವುದು ಅಂದರೆ ತಾಕುವುದು. ಹಳ್ಳಿಯಲ್ಲಿ ಗಾಳಿ ಸೋಕಿತು, ದೆವ್ವ ಸೋಕಿತು ಅಂತಾರೆ. 2020ರಲ್ಲಿ ಕೊರೊನಾ ಬಂದಾಗ ಅದೇ ಮಾತು ದಿನವೂ ಪತ್ರಿಕೆಯ ಮುಖಪುಟಕ್ಕೆ ಬಂತು. ಅಜ್ಜಿಯ ಕಿವಿಗೆ ಬಿದ್ದದ್ದು ಯಾವ ಸೋಂಕು? ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲು.

ತಿದ್ದಿ ಕಳಿಸು, ಅವಸರವಿಲ್ಲ. ಒಲೆಯ ಮುಂದಿನ ಭಾಗವನ್ನು ಮಾತ್ರ ಮುಟ್ಟಬೇಡ.

ನಿನ್ನ,
ಅಕ್ಕ